ಕಂಪ್ಯೂಟರ್ ಮೇಷ್ಟ್ರ ಸಹಿ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಸಹಿ. ಅದನ್ನು ಹಾಕಲು ಕಂಪ್ಯೂಟರ್ ಮೇಷ್ಟ್ರಿಗೆ ಹಿಡಿದದ್ದು ಎರಡೇ ಸೆಕೆಂಡು. ಅದರಿಂದ ಬಿಡಿಸಿಕೊಳ್ಳಲು ಇಡೀ ಒಂದು ಮಂಗಳವಾರ ಸಾಲಲಿಲ್ಲ.

ಆ ಸರಕಾರಿ ಪ್ರೌಢಶಾಲೆಯ ಶಿಕ್ಷಕರ ಕೋಣೆಯಲ್ಲಿ ಒಂದು ಪದ್ಧತಿ ಉಂಟು. ಮೇಲಿನಿಂದ ಬಂದ ಸುತ್ತೋಲೆಯಾಗಲಿ, ರಜೆಯ ಅರ್ಜಿಯಾಗಲಿ, ನಲ್ಲಿ ಸೋರುತ್ತಿದೆ ಎಂಬ ಚೀಟಿಯಾಗಲಿ, ಮೇಜಿಗೆ ಬಂದ ಪ್ರತಿ ಕಾಗದದ ಅಂಚಿನಲ್ಲೂ "ಓದಿದೆ, ಒಪ್ಪಿದೆ" ಎಂದು ಬರೆದು, ಸಹಿ ಗೀಚಿ, ಪಕ್ಕದವರತ್ತ ತಳ್ಳಬೇಕು. ಓದುವ ಪದ್ಧತಿ ಇಲ್ಲ. ಎಲ್ಲವನ್ನೂ ಓದುತ್ತ ಕೂತರೆ ಪಾಠ ಮಾಡುವುದು ಯಾವಾಗ ಎಂದು ಅವರು ಕೇಳುತ್ತಾರೆ. ಪಾಠ ಮಾಡುವುದು ಯಾವಾಗ ಎಂದು ನಾವು ಕೇಳಬಾರದು. ಒಮ್ಮೆ ಆಟದ ಮೇಷ್ಟ್ರು, ದಿನಾ ತಡವಾಗಿ ಬರುತ್ತೀರಿ ಎಂದು ತಮಗೇ ಬಂದ ನೋಟೀಸಿಗೂ "ಓದಿದೆ, ಒಪ್ಪಿದೆ" ಎಂದು ಬರೆದು ಸಂಗೀತದ ಟೀಚರಿಗೆ ದಾಟಿಸಿದ್ದರು.

ಹೋದ ವಾರ ಆ ಮೇಜಿಗೆ ಮಕ್ಕಳ ಪತ್ರಿಕೆಯ ಮೊದಲ ಸಂಚಿಕೆ ಬಂತು. ಸಂಪಾದಕಿ ಒಂಬತ್ತನೇ ತರಗತಿಯ ಹುಡುಗಿ, ಕಂಪ್ಯೂಟರ್ ಮೇಷ್ಟ್ರ ಸ್ವಂತ ಮಗಳು. ಪತ್ರಿಕೆಯ ಉಸ್ತುವಾರಿ ಮೇಷ್ಟ್ರದೇ. ಅವರು ಆಗ ತಮ್ಮ ನೋಟ್‌ಬುಕ್ಕಿನಲ್ಲಿ ಮುಳುಗಿದ್ದರು. ಮೊದಲ ಪುಟದ ಅಂಚಿನಲ್ಲಿ "ಓದಿದೆ, ಒಪ್ಪಿದೆ" ಎಂದು ಗೀಚಿ, ಮತ್ತೆ ಮುಳುಗಿದರು.

ಆ ನೋಟ್‌ಬುಕ್ಕಿನಲ್ಲಿದ್ದದ್ದು ಆಂಟಿವೈರಸ್ಸುಗಳ ಜಾತಕ. ಶಾಲೆಗೆ ಹನ್ನೆರಡು ಹೊಸ ಕಂಪ್ಯೂಟರ್ ಬಂದಿದ್ದವು. ಆಂಟಿವೈರಸ್ ಹಾಕದೆ ಯಾರೂ ಮುಟ್ಟಬಾರದು ಎಂದು ಇಲಾಖೆಯ ಆದೇಶ. ಯಾವುದನ್ನು ಹಾಕಬೇಕೆಂದು ಆರಿಸುವ ಹೊಣೆ ಮೇಷ್ಟ್ರಿಗೆ. ಮೂರು ಕಂಪನಿಯವರು ಮಾದರಿ ಡಬ್ಬ ಕೊಟ್ಟು ಹೋಗಿದ್ದರು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಮೇಷ್ಟ್ರಿಗೆ ಯಾವುದರಲ್ಲೂ ಅವಸರ ಆಗದು. ಮೂರರ ಗುಣದೋಷಗಳನ್ನು ಶ್ರದ್ಧೆಯಿಂದ ಬರೆಯುತ್ತಿದ್ದರು.

ಆ ಸಹಿ ಬಿದ್ದ ಸಂಜೆಯಿಂದ ಮನೆಯಲ್ಲಿ ಏನೋ ಬದಲಾಯಿತು. ಹದಿನಾಲ್ಕು ದಾಟಿದ ಮೇಲೆ ಮಗಳು ಅಪ್ಪನ ಜೊತೆ ಮಾತು ನಿಲ್ಲಿಸಿದ್ದಳೆಂದೇ ಹೇಳಬೇಕು. ಏನು ಕೇಳಿದರೂ "ಹೂಂ", ಇಲ್ಲವೇ "ಊಹೂಂ", ಅದಕ್ಕೂ ಬೇಸರವಾದರೆ ಬಾಗಿಲು ಹಾಕಿಕೊಳ್ಳುವುದು. ಅಂಥವಳು ಅಂದು ಊಟಕ್ಕೆ ಅಪ್ಪನ ಪಕ್ಕದಲ್ಲಿ ಬಂದು ಕೂತಳು. ಕೇಳದೆಯೇ ಲೋಟಕ್ಕೆ ನೀರು ಬಗ್ಗಿಸಿಟ್ಟಳು. ಮರುದಿನ, "ಅಪ್ಪ, ನಿನ್ನ ಕಾಲರ್ ಮಡಚಿದೆ" ಎಂದು ತಾನೇ ಸರಿಮಾಡಿದಳು. ಮೇಷ್ಟ್ರಿಗೆ ಕಾರಣ ಗೊತ್ತಾಗಲಿಲ್ಲ. ಕೇಳಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಕೇಳಲಿಲ್ಲ. ಆರು ದಿನದಿಂದ ಹೀಗೇ ನಡೆದಿತ್ತು. ಏಳನೇ ದಿನವೂ ಹೀಗೇ ಇರಲಿ, ಅದೊಂದನ್ನು ಬಿಟ್ಟು ಲೋಕದಲ್ಲಿ ತಮಗೆ ಬೇರೇನೂ ಬೇಡ ಎಂದು ಅವರಿಗೆ ಅನ್ನಿಸಿತ್ತು.

ಏಳನೇ ದಿನವೇ ಆ ಮಂಗಳವಾರ.

ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಕರೆಕಳುಹಿಸಿದರು. ಎಲ್ಲರೂ ದೊಡ್ಡ ಮೇಡಂ ಎನ್ನುವ ಈ ತಾಯಿಗೆ ಒಂದೇ ಚಟ, ಭಾಷಣ. ಬೆಳಗಿನ ಸಭೆಯಲ್ಲಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ನಲವತ್ತು ನಿಮಿಷ ಮಾತಾಡುತ್ತಿದ್ದರು. ಅಂದು ಮಾತ್ರ ಅವರಿಗೆ ಮಾತೇ ಹೊರಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ಎರಡು ಸಲ ತಿರುಗಿಸಿದರು.

"ಕೂತ್ಕೊಳ್ಳಿ ಸರ್. ಎರಡು ವಿಷಯ. ಮೊದಲನೇದು, ಆಂಟಿವೈರಸ್ ಯಾವುದು ಅಂತ ಇವತ್ತು ಸಂಜೆ ಒಳಗೆ ಬರೆದು ಕಳಿಸಬೇಕು. ಇನ್ನು ಮುಂದೂಡೋಕೆ ಆಗಲ್ಲ."

"ಆಗ್ಲಿ ಮೇಡಂ. ಹೆಚ್ಚು ಕಮ್ಮಿ ತೀರ್ಮಾನಕ್ಕೆ ಬಂದಿದೀನಿ."

"ಎರಡನೇದು ಮಕ್ಕಳ ಪತ್ರಿಕೆ. ನಾಲ್ಕು ಗಂಟೆಗೆ ಪೋಷಕರು ಬರ್ತಾರೆ, ದೊಡ್ಡ ಪರದೆ ಮೇಲೆ ತೋರಿಸ್ತಾರಂತೆ. ನಿಮ್ಮ ಮಗಳು ಬರೆದಿರೋ ಮೊದಲನೇ ಲೇಖನ..." ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು. "ಅದನ್ನ ಓದಿ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ನೀವು ಓದಿಯೇ ಸಹಿ ಹಾಕಿದ್ರಾ?"

ಇಲ್ಲ ಎನ್ನುವುದು ಹೇಗೆ? "ಓದದೆ ಇರ್ತೀನಾ ಮೇಡಂ?" ಎಂದುಬಿಟ್ಟರು ಮೇಷ್ಟ್ರು.

"ನಿಮ್ಮ ಗುಂಡಿಗೆ ದೊಡ್ಡದು. ಆದ್ರೂ ಅದು ಪರದೆ ಮೇಲೆ ಬರೋದು ಬೇಡ. ವಯಸ್ಸಾದವರ ಮರ್ಯಾದೆ ಪ್ರಶ್ನೆ. ಅಷ್ಟು ಜನರ ಮುಂದೆ ಅದನ್ನ ಓದಿದ್ರೆ ನಾಳೆ ತರಗತಿಗೆ ಹೋಗಿ ಮಕ್ಕಳ ಮುಖ ನೋಡೋದು ಹೇಗೆ? ನೀವೇ ತೆಗೆದುಬಿಡಿ ಸರ್. ನಾನು ತೆಗೆದ್ರೆ ಮಕ್ಕಳ ಬಾಯಿ ಮುಚ್ಚಿಸಿದ್ರು ಅಂತಾರೆ."

ಮೇಷ್ಟ್ರಿಗೆ ಎಲ್ಲವೂ ಸ್ಪಷ್ಟವಾಯಿತು. ಲೇಖನದಲ್ಲಿ ಏನಿರಬಹುದೆಂದು ಓದಿ ತಿಳಿಯಬೇಕೆ? ಬಿಸಿಲು, ನಲವತ್ತು ನಿಮಿಷ, ಸಭೆಯಲ್ಲಿ ತಲೆ ಸುತ್ತಿ ಬಿದ್ದ ಹುಡುಗಿ. ಮಗಳು ಮನೆಯಲ್ಲಿ ಅಮ್ಮನ ಮುಂದೆ ದೊಡ್ಡ ಮೇಡಂ ಹಾಗೆ ಕೈ ಬೀಸಿ ಮಾತಾಡಿ ತೋರಿಸಿದ್ದನ್ನು ಇವರು ಬಾಗಿಲ ಸಂದಿಯಿಂದ ಎಷ್ಟು ಸಲ ನೋಡಿಲ್ಲ. ಪಾಪ, ಮೇಡಂ ನೊಂದುಕೊಂಡಿದ್ದಾರೆ. ತೆಗೆಯದಿದ್ದರೆ ಮೇಡಂ ಮುಂದೆ ನಿಲ್ಲುವಂತಿಲ್ಲ. ತೆಗೆದರೆ ಊಟದ ಮೇಜಿನಲ್ಲಿ ಪಕ್ಕದ ಕುರ್ಚಿ ಖಾಲಿ.

ಶಿಕ್ಷಕರ ಕೋಣೆಗೆ ಬಂದು ಕೂತರೆ ಚರಿತ್ರೆಯ ಟೀಚರ್ ಎದ್ದು ಬಂದು ಕೈ ಕುಲುಕಿದರು.

"ನಾನೂ ಓದಿದೆ ಸರ್. ಮಕ್ಕಳ ವಾಕ್‌ ಸ್ವಾತಂತ್ರ್ಯ ಅಂತ ನಾವು ಪಾಠ ಮಾಡ್ತೀವಿ, ಪರೀಕ್ಷೆಗೆ ಐದು ಅಂಕದ ಪ್ರಶ್ನೇನೂ ಕೊಡ್ತೀವಿ. ನೀವು ಮಾಡಿ ತೋರಿಸಿದ್ರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಆ ಕಾಗದ ಹರಿದು ಹಾಕ್ತಿದ್ದೆ."

"ಅಯ್ಯೋ, ಅದರಲ್ಲೇನಿದೆ" ಎಂದರು ಮೇಷ್ಟ್ರು. ಅದರಲ್ಲೇನಿದೆ ಎಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬೇರೆ ಮಾತಿಗೆ ಹೊರಳಲೆಂದು ಮೂರು ಡಬ್ಬಗಳನ್ನು ಮೇಜಿನ ಮೇಲಿಟ್ಟರು. ಅದೇ ತಪ್ಪಾಯಿತು. ಆಂಟಿವೈರಸ್ ವಿಷಯದಲ್ಲಿ, ಬೆನ್ನುನೋವಿನ ವಿಷಯದಲ್ಲಿ ಇದ್ದಂತೆ, ಎಲ್ಲರಿಗೂ ಒಂದೊಂದು ಸ್ವಂತ ಅನುಭವ.

"ಹಸಿರು ತಗೊಳ್ಳಿ, ಸಾಧು" ಎಂದರು ಆಟದ ಮೇಷ್ಟ್ರು. "ನಮ್ಮ ಮನೇಲಿ ಎರಡು ವರ್ಷದಿಂದ ಇದೆ, ಇವತ್ತಿನವರೆಗೂ ಒಂದು ಮಾತಾಡಿಲ್ಲ."

"ವೈರಸ್ ಹಿಡಿದಿದೆಯಾ?"

"ಅದೇ ಹೇಳಿದ್ನಲ್ಲ, ಏನೂ ಮಾತಾಡಲ್ಲ."

"ಕೆಂಪು ಮಾತ್ರ ಬೇಡ" ಎಂದ ಗುಮಾಸ್ತ, ಕಡತದಿಂದ ತಲೆಯೆತ್ತಿ. "ನಮ್ಮ ಭಾವನ ಮನೇಲಿ ಹಾಕಿದ್ರು. ಮಹಾ ಅನುಮಾನದ ಪ್ರಾಣಿ. ಮೊದಲ ದಿನಾನೇ ಅವರ ಮದುವೆ ಫೋಟೋ ಅಷ್ಟನ್ನೂ ಅಪಾಯಕಾರಿ ಅಂತ ಅಳಿಸಿಹಾಕ್ತು."

"ಅಯ್ಯೋ. ಆಮೇಲೆ ತೆಗೆದುಹಾಕಿದ್ರಾ?"

"ಇಲ್ಲ, ಭಾವ ಅದನ್ನೇ ಇಟ್ಕೊಂಡಿದಾರೆ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರ ತಲೆಯಲ್ಲಿ ಒಂದು ದೀಪ ಹತ್ತಿತ್ತು. ಕೇಳದೆ ಅಳಿಸುವ ಆಂಟಿವೈರಸ್. ಪ್ರಯೋಗಕ್ಕೆಂದು ಕೆಂಪನ್ನು ಹಾಕುವುದು, ಅದು ಲೇಖನವನ್ನು ನುಂಗುವುದು, ತಾವು ಕೈ ತೊಳೆದುಕೊಳ್ಳುವುದು. ಮಗಳ ಮುಂದೆ ಕಣ್ಣಲ್ಲಿ ಕಣ್ಣಿಟ್ಟು, ನಾನು ತೆಗೀಲಿಲ್ಲ ಮಗಳೇ, ಅದು ತೆಗೀತು ಎನ್ನಬಹುದು. ಇಷ್ಟು ವರ್ಷದಲ್ಲಿ ಇಷ್ಟು ಬೇಗ ಅವರು ಯಾವ ತೀರ್ಮಾನಕ್ಕೂ ಬಂದಿರಲಿಲ್ಲ. ಡಬ್ಬಗಳನ್ನು ಬಾಚಿಕೊಂಡು ಲ್ಯಾಬಿಗೆ ಓಡಿದರು.

ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರುಗಳಿಗೆ ಬಟ್ಟೆಯ ಮುಸುಕು. ಬಾಗಿಲ ಪಕ್ಕದ ಒಂದನ್ನು ಮಾತ್ರ ವಿಶೇಷ ಅನುಮತಿ ಪಡೆದು ಪತ್ರಿಕೆಗಾಗಿ ತೆರೆದಿದ್ದರು. ಮಕ್ಕಳು ಬರೆದುಕೊಟ್ಟದ್ದನ್ನು ಗುಮಾಸ್ತ ಅದರಲ್ಲಿ ಟೈಪ್ ಮಾಡಿದ್ದ. ಮೇಷ್ಟ್ರು ಅದಕ್ಕೆ ಕೆಂಪನ್ನು ಹಾಕಿ, ಪತ್ರಿಕೆಯ ಕಡತದ ಮೇಲೆ ಬಿಟ್ಟರು. ಪರದೆಯ ಮೇಲೆ ಗೆರೆಯೊಂದು ಇರುವೆಯಂತೆ ಹರಿಯತೊಡಗಿತು. ಅಷ್ಟರಲ್ಲಿ ಗುಮಾಸ್ತ ಒಂದು ಪೆನ್ ಡ್ರೈವ್ ಹಿಡಿದು ಬಂದ.

"ದೊಡ್ಡ ಮೇಡಂ ಸ್ವಾಗತ ಭಾಷಣ. ಇಪ್ಪತ್ತೆಂಟು ಪುಟ. ಸಂಜೆ ಪರದೆ ಮೇಲೆ ಅಕ್ಷರ ದೊಡ್ಡದಾಗಿ ಕಾಣ್ಬೇಕಂತೆ, ಕನ್ನಡಕ ಮನೇಲಿ ಬಿಟ್ಟು ಬಂದಿದಾರೆ" ಎನ್ನುತ್ತ, ಮೇಷ್ಟ್ರು ಬೇಡ ಎನ್ನುವಷ್ಟರಲ್ಲಿ ತಾನೇ ಚುಚ್ಚಿದ.

ಕೆಂಪು ಆಂಟಿವೈರಸ್ ಗಕ್ಕನೆ ನಿಂತಿತು. ಕೊಯ್ಯೆಂದು ಕೂಗಿತು. ಪರದೆಯಲ್ಲಿ ಎರಡು ಸಾಲು ಮೂಡಿದವು. ಮಕ್ಕಳ ಪತ್ರಿಕೆ: ಪರೀಕ್ಷಿಸಲಾಗಿದೆ, ಸಂಪೂರ್ಣ ಸುರಕ್ಷಿತ. ಸ್ವಾಗತ ಭಾಷಣ: ಅತ್ಯಂತ ಅಪಾಯಕಾರಿ, ಶಾಶ್ವತವಾಗಿ ಅಳಿಸಲಾಗಿದೆ.

ಮೇಷ್ಟ್ರು ಪೆನ್ ಡ್ರೈವ್ ಕಿತ್ತು ಮತ್ತೆ ಚುಚ್ಚಿ ನೋಡಿದರು. ಅದು ಖಾಲಿ.

"ಬೇರೆ ಪ್ರತಿ ಇದೆಯಾ?" ಎಂದರು ಮೇಷ್ಟ್ರು.

"ಮೇಡಂ ಪ್ರತಿ ಇಡಲ್ಲ ಸರ್. ಯಾರಾದ್ರೂ ಕದ್ದು ಮಾತಾಡಿಬಿಟ್ರೆ ಅಂತ." ಗುಮಾಸ್ತ ಬಾಗಿಲ ಕಡೆ ಹೆಜ್ಜೆ ಹಾಕುತ್ತ ಹೇಳಿದ, "ನಾನು ಇಲ್ಲಿಗೆ ಬರ್ಲೇ ಇಲ್ಲ."

ಕೆಂಪು ಅಳಿಸಿದ್ದನ್ನು ಸಾಧುವಾದ ಹಸಿರು ಮರಳಿ ತಂದೀತು ಎಂದು ಮೇಷ್ಟ್ರಿಗೆ ಯಾಕೆ ಅನ್ನಿಸಿತೋ. ಮುಳುಗುವವನಿಗೆ ಏನು ಬೇಕಾದರೂ ಅನ್ನಿಸುತ್ತದೆ. ಹಸಿರನ್ನೂ ಹಾಕಿದರು. ಎರಡು ವರ್ಷದಿಂದ ಆಟದ ಮೇಷ್ಟ್ರ ಮನೆಯಲ್ಲಿ ಮಾತಾಡದಿದ್ದ ಹಸಿರು ಇಲ್ಲಿ ಕಣ್ಣು ಬಿಟ್ಟದ್ದೇ, ಈ ಕಂಪ್ಯೂಟರಿನಲ್ಲಿ ಕೆಂಪು ಎಂಬ ವೈರಸ್ ಇದೆ ಎಂದು ಸಾರಿತು. ಕೆಂಪು ಬಿಡುತ್ತದೆಯೇ? ಹಸಿರೇ ವೈರಸ್ ಎಂದಿತು. ಹಸಿರು ಅದನ್ನು ಬಂಧಿಸಲು ಹೋಯಿತು, ಕೆಂಪು ಇದನ್ನು ಅಳಿಸಲು ಬಂತು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಅತ್ತೆಯರು ನಿಂತ ಹಾಗಾಯಿತು. ಎಚ್ಚರಿಕೆಯ ಚೌಕಗಳು ಒಂದರ ಮೇಲೊಂದು ಹತ್ತಿ ಪರದೆ ತುಂಬಿತು. ಇದ್ದದ್ದಾಗಲಿ, ಆ ಲೇಖನವನ್ನಾದರೂ ಒಂದು ಸಲ ಓದೋಣ ಎಂದು ಮೇಷ್ಟ್ರಿಗೆ ಬುದ್ಧಿ ಬಂದದ್ದು ಆಗ. ಕಡತ ತೆರೆಯಲು ಒತ್ತಿದರು. ಕಂಪ್ಯೂಟರ್ ಒಮ್ಮೆ ನಡುಗಿ, ಅಲ್ಲೇ ಗಟ್ಟಿಯಾಯಿತು.

"ಸರ್."

ಮಗಳು ಬಾಗಿಲಲ್ಲಿ ನಿಂತಿದ್ದಳು. ಶಾಲೆಯ ಗೇಟಿನ ಒಳಗೆ ಸರ್, ಹೊರಗೆ ಅಪ್ಪ. ಇದು ಅವಳೇ ಮಾಡಿದ ಕಾನೂನು. ಪರದೆಯನ್ನು ನೋಡಿದಳು. ಅಲ್ಲಿ ತನ್ನ ಪತ್ರಿಕೆಯ ಹೆಸರು, ಅದರ ಸುತ್ತ ಕೆಂಪು ಚೌಕಗಳು.

"ತೆಗೀತಾ ಇದೀರಾ?"

"ಇಲ್ಲಮ್ಮ, ಇದು ಪರೀಕ್ಷೆ. ಆಂಟಿವೈರಸ್..."

"ಮೇಡಂ ಹೇಳಿದ್ರಾ ತೆಗೀರಿ ಅಂತ?"

ಮೇಷ್ಟ್ರು ಮುಸುಕು ಹಾಕಿದ ಹನ್ನೊಂದು ಕಂಪ್ಯೂಟರುಗಳನ್ನು ನೋಡಿದರು.

ಮಗಳು ಕಾನೂನು ಮರೆತಳು. "ನೀನು ಸಹಿ ಹಾಕಿದ ದಿನ ನಂಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ ಅಪ್ಪ? ನೀನು ಬಯ್ತೀಯ ಅಂದ್ಕೊಂಡಿದ್ದೆ. ಒಂದಕ್ಷರ ತಿದ್ದದೆ ಹಾಗೇ ಒಪ್ಪಿದ್ದೆ. ಇಡೀ ತರಗತಿಗೆ ಹೇಳ್ಕೊಂಡು ತಿರುಗಿದೀನಿ. ಈಗ ಹೆದರ್ಕೊಂಡ್ಯಾ?" ಅವಳ ಕೆಳತುಟಿ ನಡುಗಿತು. ಮೂರು ವರ್ಷದವಳಿದ್ದಾಗ ಹೇಗೆ ನಡುಗುತ್ತಿತ್ತೋ ಹಾಗೇ. ತಿರುಗಿ ಹೊರಟುಹೋದಳು.

ಆರು ದಿನದ ಸುಖಕ್ಕೆ ಕಾರಣ ಆ ಸಹಿ ಎಂದು ಮೇಷ್ಟ್ರಿಗೆ ಆಗ ತಿಳಿಯಿತು. ಮಗಳಿಗೆ ಬೇಕಾಗಿದ್ದದ್ದು ಧೈರ್ಯ ಇರುವ ಅಪ್ಪ. ಅಂಥ ಅಪ್ಪ ಎಲ್ಲೂ ಸಿಗದಿದ್ದರೆ ತಾವೇ ಆಗಬೇಕು, ಬೇರೆ ದಾರಿ ಇಲ್ಲ. ಮುಖ ತೊಳೆದುಕೊಂಡರು. ಮೇಡಂ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಗುಡ್ಡದ ಆಚೆಯ ಶಾಲೆಗೆ ಎತ್ತಂಗಡಿ ಮಾಡಿಸಿದರೂ ಮಾಡಿಸಲಿ ಎಂದುಕೊಂಡು ಸಭಾಂಗಣಕ್ಕೆ ನಡೆದರು.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ದೊಡ್ಡ ಮೇಡಂ ಖಾಲಿ ಪರದೆಯ ಕಡೆ ನೋಡಿದರು, ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಚಾವಣಿಯ ಕಡೆ ನೋಡಿದ. ಭಾಷಣವಿಲ್ಲದ ಮೇಡಂ "ಎಲ್ಲರಿಗೂ ಸ್ವಾಗತ" ಎಂದು ನಿಲ್ಲಿಸಿದರು. ಪೋಷಕರು ನಂಬಲಾರದೆ ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಮೇಷ್ಟ್ರು ವೇದಿಕೆ ಹತ್ತಿದ್ದರು.

"ಮಕ್ಕಳ ಪತ್ರಿಕೇಲಿ ಒಂದು ಲೇಖನ ಇದೆ" ಎಂದರು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಅದನ್ನ ತೆಗೀಬೇಕು ಅನ್ನೋ ಮಾತು ಬಂದಿದೆ. ಯಾರಿಗೋ ನೋವಾಗತ್ತೆ ಅಂತ. ನಾನು ತೆಗೆಯಲ್ಲ. ನಮಗೆ ಹಿತವಾದಾಗ ಮಾತ್ರ ಮಕ್ಕಳ ಮಾತು ಕೇಳ್ತೀವಿ ಅಂದ್ರೆ, ಅದು ಮಕ್ಕಳಿಗೆ ಕೊಟ್ಟ ಸ್ವಾತಂತ್ರ್ಯ ಅಲ್ಲ, ನಮಗೆ ನಾವೇ ಮಾಡ್ಕೊಂಡ ಉಪಚಾರ. ಅವರು ಬರೆದಿದ್ದು ಸುಳ್ಳಾದ್ರೆ ತೋರಿಸೋಣ. ನಿಜ ಆಗಿದ್ರೆ?" ಇಲ್ಲಿ ಅವರು ದೊಡ್ಡ ಮೇಡಂ ಕಡೆ ಮೃದುವಾಗಿ, ಆದರೆ ನೇರವಾಗಿ ನೋಡಿದರು. "ನಿಜ ಆಗಿದ್ರೆ ಯಾರ ಬಗ್ಗೆ ಬರೆದಿದಾರೋ ಅವರು ನುಂಗ್ಕೋಬೇಕು. ತಿದ್ದಿಕೋಬೇಕು. ವಯಸ್ಸು, ಹುದ್ದೆ ಅಂತ ಅಡ್ಡ ತರಬಾರದು. ಆ ಲೇಖನ ಈಗ ಇಲ್ಲೇ ಓದ್ಬೇಕು. ಆಮೇಲೆ ಒಂದು ತಿಂಗಳು ಶಾಲೆ ಬಾಗಿಲಿಗೆ ಅಂಟಿಸಿರಬೇಕು."

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚರಿತ್ರೆಯ ಟೀಚರ್ ಕಣ್ಣು ಒರೆಸಿಕೊಂಡರು. ಮೇಷ್ಟ್ರು ಆ ಗುಂಪಿನಲ್ಲಿ ಒಂದೇ ಮುಖವನ್ನು ಹುಡುಕಿದರು. ಮೂರನೇ ಸಾಲಿನಲ್ಲಿ ಮಗಳು ಅಳುತ್ತ ನಗುತ್ತಿದ್ದಳು. ಇನ್ನು ಎತ್ತಂಗಡಿಯೇನು, ಗುಡ್ಡದ ಮೇಲೆ ಶಾಲೆಯನ್ನೇ ಕಟ್ಟು ಎಂದರೂ ಕಟ್ಟಿಯಾರು.

ದೊಡ್ಡ ಮೇಡಂ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಸಿಟ್ಟಿನ ಸುಳಿವೂ ಇರಲಿಲ್ಲ.

"ಸೋತೆ ಸರ್" ಎಂದರು. "ನಿಮಗೆ ಅವಮಾನ ಆಗಬಾರದು ಅಂತ ನಾನು ಇಷ್ಟೆಲ್ಲ ಒದ್ದಾಡಿದೆ. ನೀವು ನೋಡಿದ್ರೆ ಬಾಗಿಲಿಗೆ ಅಂಟಿಸಿ ಅಂತಿದೀರಿ. ನನ್ನ ಮೇಲೆ ಯಾರಾದ್ರೂ ಹೀಗೆ ಬರೆದಿದ್ರೆ ನಾನಂತೂ ರಾಜೀನಾಮೆ ಕೊಡ್ತಿದ್ದೆ."

"ನನಗೆ?" ಎಂದರು ಮೇಷ್ಟ್ರು.

ಅಷ್ಟರಲ್ಲಿ ಮಗಳು ಕಾಗದ ಹಿಡಿದು ಮೈಕಿನ ಮುಂದೆ ನಿಂತಾಗಿತ್ತು.

"ನಮ್ಮ ಶಾಲೆಯಲ್ಲಿ ಹನ್ನೆರಡು ಕಂಪ್ಯೂಟರುಗಳಿವೆ" ಎಂದು ಅವಳು ಓದಿದಳು. "ಅವುಗಳಿಗೆ ಇದುವರೆಗೆ ಒಂದು ವೈರಸ್ಸೂ ತಗುಲಿಲ್ಲ. ಏಕೆಂದರೆ ಒಬ್ಬ ವಿದ್ಯಾರ್ಥಿಯೂ ತಗುಲಿಲ್ಲ. ನಮ್ಮ ಕಂಪ್ಯೂಟರ್ ಸರ್ ಕಳೆದ ಎಂಟು ತಿಂಗಳಿಂದ ಮೂರು ಡಬ್ಬಗಳಲ್ಲಿ ಒಂದನ್ನು ಆರಿಸುತ್ತಿದ್ದಾರೆ. ಮೊದಲ ನೋಟ್‌ಬುಕ್ ತುಂಬಿ ಎರಡನೆಯದು ನಡೆಯುತ್ತಿದೆ. ನಾವು ಮೌಸ್ ಹಿಡಿಯುವುದನ್ನು ಕಪ್ಪುಹಲಗೆಯ ಮೇಲೆ ಚಿತ್ರ ನೋಡಿ ಕಲಿತಿದ್ದೇವೆ. ಸರ್ ಅವರ ಈ ಗುಣ ಶಾಲೆಗೆ ಸೀಮಿತವಲ್ಲವೆಂದು ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ. ಅವರು ಅಂಗಿ ಕೊಳ್ಳಲು ಹೋಗಿ, ಅಂಗಡಿಯವರು ಬಾಗಿಲು ಹಾಕಿಕೊಂಡು ಮನೆಗೆ ಹೋದ ನಿದರ್ಶನವಿದೆ. ಮೂಲದ ಪ್ರಕಾರ, ಮೂಲಕ್ಕೆ ಹೆಸರಿಡಲೂ ಅವರು ಹನ್ನೊಂದು ತಿಂಗಳು ತೆಗೆದುಕೊಂಡರು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕುರ್ಚಿ ಹುಡುಕಿಕೊಂಡು ಕೂತರು. ನುಂಗಿಕೊಳ್ಳಬೇಕು ಎಂದು ಈಗಷ್ಟೇ ಇನ್ನೂರು ಜನರ ಮುಂದೆ ಹೇಳಿದ ಮೇಲೆ ನುಂಗಿಕೊಳ್ಳದೆ ಗತಿಯಿರಲಿಲ್ಲ. ಮುಖದ ಮೇಲೆ ಒಂದು ನಗು ಅಂಟಿಸಿಕೊಂಡು, ಲೇಖನ ಮುಗಿಯುವವರೆಗೂ ಅದು ಬೀಳದಂತೆ ಕಾದರು. ಪಕ್ಕದಲ್ಲಿ ಆಟದ ಮೇಷ್ಟ್ರು, "ಓದಿ ಸಹಿ ಹಾಕಿದ್ರಲ್ಲ, ಅದು ದೊಡ್ಡತನ" ಎಂದು ಬೆನ್ನು ತಟ್ಟುತ್ತಲೇ ಇದ್ದರು.

ಐದೂವರೆಗೆ ಅಪ್ಪ ಮಗಳು ಗೇಟು ದಾಟಿದರು. ದಾಟಿದ ಕೂಡಲೇ ಅವಳು ಅವರ ತೋಳಿಗೆ ಕೈ ಹಾಕಿದಳು. ಎಷ್ಟೋ ವರ್ಷಗಳ ಮೇಲೆ ರಸ್ತೆಯಲ್ಲಿ, ಜನರೆಲ್ಲ ನೋಡುವಂತೆ.

"ಅಮ್ಮ ನಂಬಿರ್ಲಿಲ್ಲ ಗೊತ್ತಾ" ಎಂದಳು. "ನೀನು ಓದಿ ಒಪ್ಪಿದೀಯ ಅಂದ್ರೆ, ನಿಮ್ಮಪ್ಪ ಓದಿರಲ್ಲ ಕಣೆ ಅಂದ್ಲು. ಪಂದ್ಯ ಬೇರೆ ಕಟ್ಟಿದಾಳೆ. ಹೇಳಪ್ಪ, ಓದಿದ್ದೆ ತಾನೇ?"

ಮೇಷ್ಟ್ರು ತೋಳಿನ ಮೇಲಿದ್ದ ಆ ಕೈಯನ್ನು ನೋಡಿದರು. ಬೆರಳಿಗೆ ಶಾಯಿ ಮೆತ್ತಿತ್ತು.

"ಎರಡು ಸಲ" ಎಂದರು.

ಮಗಳು ಇನ್ನೂ ಹತ್ತಿರಕ್ಕೆ ಸರಿದು ನಡೆದಳು. ಸ್ವಲ್ಪ ದೂರ ಹೋದ ಮೇಲೆ, ಎದೆಯ ಭಾರವೆಲ್ಲ ಇಳಿದ ಹಾಗೆ ನಿಟ್ಟುಸಿರು ಬಿಟ್ಟಳು.

"ಅಬ್ಬ, ಈಗ ಸಮಾಧಾನ ಆಯ್ತು. ನಿಂಗೆ ಬೇಜಾರಾಗತ್ತೆ ಅಂತ ಇದ್ರಲ್ಲಿ ಎಲ್ಲಾ ಮೆತ್ತಗೆ ಬರ್ದಿದ್ದೆ ಅಪ್ಪ. ನಿಜವಾದ್ದೆಲ್ಲ ಎರಡನೇ ಸಂಚಿಕೇಲಿದೆ."